ಜೀನ್ ಕೆಡಿಸಿ ನೋಡು, ನೊಣ ಸಾಕಿ ನೋಡು

ಮಾಗಿದ ಹಣ್ಣಿನ ಸುತ್ತ ಹಾರಾಡುವ ಮೂರು ಮಿಲಿಮೀಟರ್ ಜೀವ. ಅದರ ಜೀನ್‌ಗಳನ್ನು ಒಂದೊಂದಾಗಿ ಕೆಡಿಸುತ್ತ ಹೋದವರ ಕೈಗೆ ಸಿಕ್ಕಿದ್ದು ಮನುಷ್ಯ ದೇಹದ ಗುಟ್ಟು. ಹೈಡೆಲ್‌ಬರ್ಗ್‌ನ ಇಕ್ಕಟ್ಟಾದ ಕೋಣೆ, ದೆಹಲಿಯ ಕೃಷಿ ಸಂಸ್ಥೆ, ಬೆಂಗಳೂರಿನ ಜಿಕೆವಿಕೆ, ಮೈಸೂರಿನ ಮಾನಸಗಂಗೋತ್ರಿ: ಎಲ್ಲವನ್ನೂ ಬೆಸೆದಿರುವುದು ಒಂದು ಹಣ್ಣುನೊಣ.

ಗುಡ್ಡದ ಮೇಲೆ ಕಾಡು, ಕಾಡಿನ ನಡುವೆ ಪ್ರಯೋಗಾಲಯ. ಕೆಳಗೆ ಜರ್ಮನಿಯ ಹೈಡೆಲ್‌ಬರ್ಗ್ ಪಟ್ಟಣ. 1979ರ ಸುಮಾರು. ಇಕ್ಕಟ್ಟಾದ ಕೋಣೆಯಲ್ಲಿ ಒಂದು ಸೂಕ್ಷ್ಮದರ್ಶಕ; ಇಬ್ಬರು ಎದುರುಬದುರು ಕೂತು ಒಂದೇ ವಸ್ತುವನ್ನು ಒಟ್ಟಿಗೇ ನೋಡಬಹುದಾದಂಥದ್ದು. ಈ ಬದಿಗೆ ಕ್ರಿಸ್ಟಿಯಾನೆ ನ್ಯೂಸ್‌ಲೈನ್-ಫೋಲ್‌ಹಾರ್ಡ್, ಆ ಬದಿಗೆ ಎರಿಕ್ ವೀಶೌಸ್.

ಗಾಜಿನ ಪಟ್ಟಿಯ ಮೇಲಿರುವುದು ಸತ್ತ ಮರಿಹುಳು. ಮೊಟ್ಟೆಯೊಡೆದು ಹೊರಬರಲಾಗದೆ ಒಳಗೇ ಸತ್ತದ್ದು. ಉದ್ದ ಅರ್ಧ ಮಿಲಿಮೀಟರ್. ಹಣ್ಣುನೊಣದ ಮರಿಯ ಮೈಯಡಿ ಪುಟ್ಟ ಪುಟ್ಟ ಮುಳ್ಳುಗಳ ಪಟ್ಟಿಗಳಿರುತ್ತವೆ: ಎದೆಗೆ ಮೂರು, ಹೊಟ್ಟೆಗೆ ಎಂಟು. ಇಬ್ಬರೂ ಎಣಿಸುತ್ತಾರೆ. ಲೆಕ್ಕ ಕೂಡುವುದಿಲ್ಲ. ಹೆಚ್ಚುಕಡಿಮೆ ಅರ್ಧದಷ್ಟು ಪಟ್ಟಿಗಳು ಇಲ್ಲವೇ ಇಲ್ಲ. ಅದೂ ಒಂದು ತುದಿಯಿಂದ ಕತ್ತರಿಸಿ ತೆಗೆದಂತಲ್ಲ. ಒಂದು ಬಿಟ್ಟು ಒಂದು.

ಮೈಯನ್ನು ಹೀಗೆ ಒಂದು ಬಿಟ್ಟು ಒಂದರಂತೆ ಎಣಿಸುವ ಜೀನ್ ಇದೆಯೆಂದು ಊಹಿಸಲು ಯಾವ ಕಾರಣವೂ ಇರಲಿಲ್ಲ. ಆರೋಗ್ಯವಂತ ಮರಿಹುಳುವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಆ ಎಣಿಕೆ ಕಣ್ಣಿಗೆ ಬೀಳದು. ಜೀನ್ ಕೆಟ್ಟಾಗ ಮಾತ್ರ ಅದು ಬಯಲಿಗೆ ಬಂತು.

ಇಂಥ ಸತ್ತ ಮರಿಗಳನ್ನು ಸಾವಿರಗಟ್ಟಲೆ ನೋಡಿದ ಆ ಇಬ್ಬರು 1980ರ ಅಕ್ಟೋಬರ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಪ್ರಬಂಧ ಬರೆದರು. ಒಂದು ಮೊಟ್ಟೆ ತನ್ನನ್ನು ತಾನು ತಲೆ, ಎದೆ, ಹೊಟ್ಟೆಯಾಗಿ ಹೇಗೆ ವಿಂಗಡಿಸಿಕೊಳ್ಳುತ್ತದೆ ಎಂಬ ಹಳೆಯ ಪ್ರಶ್ನೆಗೆ ಅಲ್ಲಿಂದ ಉತ್ತರ ಶುರುವಾಯಿತು. 1995ರಲ್ಲಿ ಅವರಿಗೆ ನೊಬೆಲ್ ಬಂತು.

ನಮ್ಮಲ್ಲಿ ಮಾವು, ಹಲಸಿನ ಕಾಲ ಬಂತೆಂದರೆ ಈ ನೊಣಕ್ಕೂ ಸುಗ್ಗಿ. ಹಲಸಿನ ತೊಳೆ ಬಿಡಿಸಿಟ್ಟ ತಟ್ಟೆಯ ಮೇಲೆ, ಅಂಗಡಿಯಲ್ಲಿ ಕಪ್ಪಾಗುತ್ತಿರುವ ಬಾಳೆಗೊನೆಯ ಸುತ್ತ ಕೆಂಪು ಕಣ್ಣಿನ ಪುಟಾಣಿ ನೊಣಗಳು ಸುತ್ತುತ್ತವೆ. ಮಾವಿನಕಾಯಿಗೆ ಚುಚ್ಚಿ ಮೊಟ್ಟೆಯಿಟ್ಟು ರೈತರ ಫಸಲು ಹಾಳುಮಾಡುವ ನೊಣ ಇದಲ್ಲ; ಅದು ಬ್ಯಾಕ್ಟ್ರೋಸೆರಾ, ಬೇರೆಯದೇ ಕುಟುಂಬ. ಇದು ಡ್ರೊಸೊಫಿಲಾ ಬಳಗದ್ದು. ಕಳಿತ ಹಣ್ಣಿನಲ್ಲಿ ಬೆಳೆಯುವ ಯೀಸ್ಟ್ ಇದರ ಆಹಾರ. ಈ ಬಳಗದ ಡ್ರೊಸೊಫಿಲಾ ಮೆಲನೊಗಾಸ್ಟರ್ ಎಂಬ ಒಂದು ಪ್ರಭೇದ, ನೂರಕ್ಕೂ ಹೆಚ್ಚು ವರ್ಷಗಳಿಂದ ಪ್ರಯೋಗಾಲಯದ ಬಾಟಲಿಯೊಳಗೆ ಬದುಕುತ್ತ ಜೀವಶಾಸ್ತ್ರವನ್ನು ಸಾಕಿದೆ.

ಇಲ್ಲದಾಗ ತಿಳಿಯುವುದು

ಜೀನ್ ಒಂದರ ಕೆಲಸವೇನೆಂದು ತಿಳಿಯುವುದು ಹೇಗೆ? ಅದರ ಅಕ್ಷರಗಳನ್ನು ಓದಿದರೆ ಸಾಲದು. ಸಾವಿರಾರು ಜೀನ್‌ಗಳು ಒಟ್ಟಿಗೆ ದುಡಿಯುವಾಗ ಯಾರ ಪಾಲು ಯಾವುದೆಂದು ಹೊರಗಿನಿಂದ ಕಾಣದು.

ಮನೆಯಲ್ಲಿ ಒಬ್ಬರು ನಾಲ್ಕು ದಿನ ಊರಿಗೆ ಹೋದಾಗಲೇ ಅವರು ಏನೇನು ಮಾಡುತ್ತಿದ್ದರೆಂದು ಉಳಿದವರಿಗೆ ಗೊತ್ತಾಗುತ್ತದೆ. ಹಾಲಿಗೆ ಹೆಪ್ಪು ಹಾಕಿಲ್ಲ, ಸಂಪಿಗೆ ನೀರು ಬಿಟ್ಟಿಲ್ಲ, ಬಾಗಿಲ ಮುಂದೆ ರಂಗೋಲಿಯಿಲ್ಲ. ತಳಿವಿಜ್ಞಾನಿ ಮಾಡುವುದೂ ಇದನ್ನೇ. ಒಂದು ಜೀನ್ ಕೆಡಿಸು. ಏನು ನಿಂತುಹೋಯಿತೆಂದು ನೋಡು.

ಇದನ್ನು ಬೇಕಾದ ಒಂದು ಜೀನಿಗಷ್ಟೇ ಮಾಡಿದರೆ ಅದು ಪರೀಕ್ಷೆ. ಎಲ್ಲ ಜೀನ್‌ಗಳಿಗೂ, ಯಾವ ಆಯ್ಕೆಯೂ ಇಲ್ಲದೆ, ಕುರುಡಾಗಿ ಮಾಡಿದರೆ ಅದು ಜೆನೆಟಿಕ್ ಸ್ಕ್ರೀನ್. ಎರಡಕ್ಕೂ ಅಜಗಜಾಂತರ. ಮೊದಲನೆಯದರಲ್ಲಿ ವಿಜ್ಞಾನಿಯ ಊಹೆ ಮುಂದೆ, ಪ್ರಾಣಿ ಹಿಂದೆ. ಎರಡನೆಯದರಲ್ಲಿ ಪ್ರಾಣಿಯೇ ಮುಂದೆ. ಯಾವ ಜೀನ್ ಮುಖ್ಯವೆಂದು ಅದೇ ತೋರಿಸುತ್ತದೆ. ನಮ್ಮ ಕೆಲಸ ಕಣ್ಣು ತೆರೆದು ನೋಡುವುದು. ಇಪ್ಪತ್ತನೆಯ ಶತಮಾನದ ಜೀವಶಾಸ್ತ್ರದಲ್ಲಿ ಇಷ್ಟು ಪ್ರಾಮಾಣಿಕವಾದ ವಿಧಾನ ಇನ್ನೊಂದಿಲ್ಲ ಎಂದೇ ನಾನು ನಂಬಿದ್ದೇನೆ.

> ಪುಟ್ಟ ಮೈಯ ದೊಡ್ಡ ಲೆಕ್ಕ
>
> * ಉದ್ದ: ಸುಮಾರು 3 ಮಿಲಿಮೀಟರ್.
> * ವರ್ಣತಂತುಗಳು: 4 ಜೊತೆ. ಮನುಷ್ಯರಿಗೆ 23 ಜೊತೆ.
> * ಮೊಟ್ಟೆಯಿಂದ ಮರಿಹುಳು: ಒಂದು ದಿನ. ಮೊಟ್ಟೆಯಿಂದ ರೆಕ್ಕೆ ಬಲಿತ ನೊಣ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 10 ದಿನ.
> * ಒಂದು ಹೆಣ್ಣು ನೊಣ ಇಡುವ ಮೊಟ್ಟೆಗಳು: ನೂರಾರು.
> * ಜೀನ್‌ಗಳು: 2000ದ ಮಾರ್ಚ್‌ನಲ್ಲಿ ಪೂರ್ಣ ಜೀನೋಮ್ ಪ್ರಕಟವಾದಾಗ ಎಣಿಸಿದ್ದು ಸುಮಾರು 13,600.
> * ಮನುಷ್ಯರಲ್ಲಿ ರೋಗಕ್ಕೆ ಕಾರಣವಾಗುವ ಜೀನ್‌ಗಳಲ್ಲಿ ನಾಲ್ಕರಲ್ಲಿ ಮೂರಕ್ಕೆ ನೊಣದಲ್ಲೂ ಸಂಬಂಧಿ ಜೀನ್ ಇದೆ.

ಬಿಳಿ ಕಣ್ಣಿನಿಂದ ಸಕ್ಕರೆ ನೀರಿನವರೆಗೆ

ತಳಿವಿಜ್ಞಾನದಲ್ಲಿ ನೊಣಕ್ಕೆ ಮೊದಲು ಪಟ್ಟ ಕಟ್ಟಿದ್ದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಥಾಮಸ್ ಹಂಟ್ ಮಾರ್ಗನ್. ಹಾಲಿನ ಬಾಟಲಿ, ಬಾಳೆಹಣ್ಣು, ನೊಣ. ಅವರ ಸಾಮಗ್ರಿ ಅಷ್ಟೇ. 1910ರಲ್ಲಿ ಕೆಂಪು ಕಣ್ಣಿನ ಹಿಂಡಿನಲ್ಲಿ ಒಂದು ಬಿಳಿ ಕಣ್ಣಿನ ಗಂಡು ಸಿಕ್ಕಿತು. ಅದರ ಮೊಮ್ಮಕ್ಕಳಲ್ಲಿ ಬಿಳಿ ಕಣ್ಣು ಗಂಡುಗಳಲ್ಲೇ ಕಾಣಿಸಿಕೊಂಡದ್ದರಿಂದ ಆ ಗುಣ ಎಕ್ಸ್ ವರ್ಣತಂತುವಿನ ಮೇಲಿದೆಯೆಂದು ಗೊತ್ತಾಯಿತು. ಮಾರ್ಗನ್ನರ ವಿದ್ಯಾರ್ಥಿ ಆಲ್ಫ್ರೆಡ್ ಸ್ಟರ್ಟೆವಂಟ್ ಇನ್ನೂ ಪದವಿ ಓದುತ್ತಿರುವಾಗಲೇ ಜೀನ್‌ಗಳು ಸಾಲಾಗಿ ಕೂತಿರುವ ಮೊದಲ ನಕ್ಷೆ ಬರೆದರು. ಅದು 1913ರಲ್ಲಿ ಅಚ್ಚಾಯಿತು.

ಆದರೆ ತಾನಾಗಿ ಆಗುವ ಬದಲಾವಣೆಗೆ ಕಾಯುತ್ತ ಕೂತರೆ ಆಯುಷ್ಯ ಸಾಲದು. 1927ರಲ್ಲಿ ಹರ್ಮನ್ ಮುಲ್ಲರ್ ನೊಣಗಳಿಗೆ ಎಕ್ಸ್‌ರೇ ಹಾಯಿಸಿ ಜೀನ್‌ಗಳನ್ನು ಬೇಕೆಂದಾಗ ಕೆಡಿಸಬಹುದೆಂದು ತೋರಿಸಿದರು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಎಡಿನ್‌ಬರೋದಲ್ಲಿ ಷಾರ್ಲೋಟ್ ಔಅರ್‌ಬಾಖ್ ಮಸ್ಟರ್ಡ್ ಅನಿಲವೂ ಜೀನ್‌ಗಳನ್ನು ಕೆಡಿಸುತ್ತದೆಂದು ಕಂಡುಕೊಂಡರು. ಆ ಪ್ರಯೋಗಗಳಲ್ಲಿ ಅವರ ಕೈ ಸುಟ್ಟು ಹುಣ್ಣಾಗಿತ್ತು. ಯುದ್ಧ ಮುಗಿಯುವವರೆಗೆ ಆ ಫಲಿತಾಂಶ ಗುಟ್ಟಾಗಿಯೇ ಉಳಿಯಿತು.

1968ರಲ್ಲಿ ಎಡ್ವರ್ಡ್ ಲೂಯಿಸ್ ಮತ್ತು ಸಹೋದ್ಯೋಗಿ ಇನ್ನೂ ಸುಲಭದ ದಾರಿ ತೋರಿಸಿದರು. ಇಎಂಎಸ್ ಎಂಬ ರಾಸಾಯನಿಕವನ್ನು ಸಕ್ಕರೆ ನೀರಿಗೆ ಬೆರೆಸಿ ಗಂಡು ನೊಣಗಳಿಗೆ ಕುಡಿಸುವುದು. ಅವುಗಳ ವೀರ್ಯಾಣುಗಳ ಡಿಎನ್ಎಯಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ. ಹೈಡೆಲ್‌ಬರ್ಗ್ ಜೋಡಿ ಹಿಡಿದದ್ದು ಈ ದಾರಿಯನ್ನೇ.

ಒಂದು ಕೋಣೆ, 27,000 ವಂಶ

ನ್ಯೂಸ್‌ಲೈನ್-ಫೋಲ್‌ಹಾರ್ಡ್ ಮತ್ತು ವೀಶೌಸ್ ಪರಿಚಯವಾದದ್ದು ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ. 1978ರಲ್ಲಿ ಇಬ್ಬರಿಗೂ ಹೈಡೆಲ್‌ಬರ್ಗ್‌ನ ಯುರೋಪಿಯನ್ ಮಾಲಿಕ್ಯುಲರ್ ಬಯಾಲಜಿ ಲ್ಯಾಬೊರೇಟರಿಯಲ್ಲಿ ಕೆಲಸ ಸಿಕ್ಕಿತು. ಮೊದಲ ಸಲ ಸ್ವತಂತ್ರ ಹುದ್ದೆ. ಇಬ್ಬರಿಗೂ ಸೇರಿ ಒಂದೇ ಸಣ್ಣ ಜಾಗ. ಹೆಸರು ಮಾಡಬೇಕಾದ ವಯಸ್ಸಿನಲ್ಲಿ ಅವರು ಕೈಗೆತ್ತಿಕೊಂಡದ್ದು, ಏನೂ ಸಿಗದೆ ಹೋಗಬಹುದಾದ ಒಂದು ಭಾರಿ ಹುಡುಕಾಟ.

ಕಷ್ಟ ಎಲ್ಲಿತ್ತು? ಪ್ರತಿ ಜೀನೂ ಎರಡು ಪ್ರತಿಗಳಲ್ಲಿ ಬರುತ್ತದೆ, ತಾಯಿಯದೊಂದು, ತಂದೆಯದೊಂದು. ಒಂದು ಕೆಟ್ಟರೂ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುತ್ತದೆ. ಹಾಗಾಗಿ ಕೆಡುಕು ಕಾಣಬೇಕಾದರೆ ಒಂದೇ ಮರಿಯಲ್ಲಿ ಎರಡೂ ಪ್ರತಿಗಳು ಕೆಟ್ಟಿರಬೇಕು. ಅದಕ್ಕೆ ಒಂದೊಂದು ಗಂಡು ನೊಣದಿಂದ ಒಂದೊಂದು ವಂಶ ಬೆಳೆಸಿ, ಮುಂದಿನ ತಲೆಮಾರಿನ ಅಣ್ಣತಂಗಿಯರನ್ನು ಕೂಡಿಸಬೇಕು. ಆಗ ನಾಲ್ಕರಲ್ಲಿ ಒಂದು ಮೊಟ್ಟೆಗೆ ಎರಡೂ ಕೆಟ್ಟ ಪ್ರತಿ ಸಿಗುತ್ತದೆ. ಆ ಮೊಟ್ಟೆ ಒಡೆಯದೆ ಉಳಿದರೆ ಅದನ್ನು ಎತ್ತಿ ನೋಡಬೇಕು.

ಇಲ್ಲೊಂದು ಇಕ್ಕಟ್ಟು. ಎರಡು ಪ್ರತಿ ಕೆಟ್ಟರೆ ಸಾವು ಎಂದಾದರೆ ಆ ವಂಶವನ್ನು ಉಳಿಸಿಕೊಳ್ಳುವುದು ಹೇಗೆ? ಮುಲ್ಲರ್ ಕಾಲದಿಂದ ಬಂದ ಬ್ಯಾಲೆನ್ಸರ್ ವರ್ಣತಂತು ಇದಕ್ಕೆ ಉತ್ತರ. ಅದರ ಭಾಗಗಳು ತಿರುಗುಮುರುಗಾಗಿ ಜೋಡಿಸಿಕೊಂಡಿರುತ್ತವೆ. ಹೀಗಾಗಿ ಜೊತೆಯ ವರ್ಣತಂತುವಿನೊಂದಿಗೆ ಅದು ಬೆರೆತುಹೋಗದು. ಸುರುಳಿ ರೆಕ್ಕೆಯಂಥ ಗುರುತನ್ನೂ ಅದು ಹೊತ್ತಿರುತ್ತದೆ. ರೆಕ್ಕೆ ಸುರುಳಿಯಾಗಿದ್ದರೆ ಕೆಟ್ಟ ಜೀನ್ ಒಂದು ಪ್ರತಿಯಲ್ಲಿ ಕ್ಷೇಮವಾಗಿ ಉಳಿದಿದೆಯೆಂದು ಕಣ್ಣಲ್ಲೇ ಹೇಳಬಹುದು. ಕೊಲ್ಲುವ ಜೀನನ್ನು ಜೀವಂತ ನೊಣದಲ್ಲಿ ದಶಕಗಟ್ಟಲೆ ಕಾಪಿಡಲು ಸಾಧ್ಯವಾದದ್ದು ಹೀಗೆ.

ಇನ್ನೂ ಒಂದು ಉಪಾಯ ಅವರ ಕೈ ಹಿಡಿಯಿತು. ಬೇಡದ ನೊಣಗಳನ್ನು ಒಂದೊಂದಾಗಿ ಆರಿಸಿ ತೆಗೆಯುವ ಬದಲು, ಶಾಖ ಏರಿಸಿದರೆ ಕೊಲ್ಲುವ ಜೀನನ್ನು ಅವುಗಳಲ್ಲಿ ಸೇರಿಸಿಟ್ಟರು. ಬಾಟಲಿಗಳನ್ನು ಬೆಚ್ಚಗಿನ ಕೋಣೆಗೆ ಸಾಗಿಸಿದರೆ ಬೇಕಾದವಷ್ಟೇ ಉಳಿಯುತ್ತಿದ್ದವು. ಗೆರ್ಡ್ ಯೂರ್ಗೆನ್ಸ್ ಎಂಬ ಕಿರಿಯ ಸಂಶೋಧಕ, ತಂತ್ರಜ್ಞೆ ಹಿಲ್ಡೆಗಾರ್ಡ್ ಕ್ಲೂಡಿಂಗ್ ಜೊತೆಗೂಡಿದರು. ಸತ್ತ ಭ್ರೂಣಗಳನ್ನು ಪಾರದರ್ಶಕವಾಗಿಸುವ ದ್ರಾವಣದಲ್ಲಿಟ್ಟು, ಹೊರಚರ್ಮವಷ್ಟೇ ಎದ್ದು ಕಾಣುವಂತೆ ಮಾಡಿ, ಒಂದಾದಮೇಲೊಂದರಂತೆ ನೋಡುತ್ತ ಹೋದರು. ನೊಣದ ಎಲ್ಲ ದೊಡ್ಡ ವರ್ಣತಂತುಗಳೂ ಮುಗಿಯುವ ಹೊತ್ತಿಗೆ ಅವರು ಬೆಳೆಸಿದ್ದ ವಂಶಗಳು ಸುಮಾರು 27,000. ಅದರಲ್ಲಿ ಸುಮಾರು 18,000 ವಂಶಗಳಲ್ಲಿ ಪ್ರಾಣ ತೆಗೆಯುವ ಬದಲಾವಣೆ ಇತ್ತು. ಮೈಯ ವಿನ್ಯಾಸವನ್ನೇ ಸ್ಪಷ್ಟವಾಗಿ ಕೆಡಿಸಿದವು 580. ಅವು ಬಿದ್ದಿದ್ದ ಜೀನ್‌ಗಳು ಮಾತ್ರ ಸುಮಾರು 120.

ಈ ಕೊನೆಯ ಎರಡು ಸಂಖ್ಯೆಗಳ ಮುಂದೆ ಕೊಂಚ ನಿಲ್ಲಬೇಕು. 580 ಪೆಟ್ಟುಗಳು 120 ಜೀನ್‌ಗಳ ಮೇಲೇ ಬಿದ್ದಿವೆಯೆಂದರೆ, ಹೆಚ್ಚಿನ ಜೀನ್‌ಗಳು ಮತ್ತೆ ಮತ್ತೆ ಸಿಕ್ಕಿವೆ ಎಂದರ್ಥ. ಹೊಸ ಹೆಸರುಗಳು ಬರುವುದು ನಿಂತು ಹಳೆಯವೇ ಮರಳತೊಡಗಿದಾಗ ಪಟ್ಟಿ ಬಹುಮಟ್ಟಿಗೆ ಮುಗಿಯಿತೆಂದು ತಿಳಿಯಬಹುದು. ಜೀನ್ ಎಂದರೆ ಅಸಂಖ್ಯ, ಅವುಗಳ ಜಾಲ ನಮ್ಮ ಬುದ್ಧಿಗೆ ನಿಲುಕದು ಎಂಬ ಭಾವನೆ ಬಲವಾಗಿದ್ದ ಕಾಲವದು. ಒಂದು ಪ್ರಾಣಿಯ ಮೈಕಟ್ಟನ್ನು ಬರೆಯುವ ಜೀನ್‌ಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಹೆಸರಿಸಿ ಮುಗಿಸಬಹುದೆಂದು ಅವರು ತೋರಿಸಿದರು. ಆ ಸ್ಕ್ರೀನಿನ ನಿಜವಾದ ಗೆಲುವು ಇದೇ ಎಂದು ನನ್ನ ಎಣಿಕೆ.

ಜೀನ್‌ಗಳು ಮೂರು ಗುಂಪಾಗಿ ಬಂದವು. ಒಂದು ಗುಂಪು ಕೆಟ್ಟರೆ ಮೈಯ ಅಕ್ಕಪಕ್ಕದ ಹಲವು ಪಟ್ಟಿಗಳು ಒಟ್ಟಿಗೆ ಕಾಣೆ. ಎರಡನೆಯದು ಕೆಟ್ಟರೆ ಒಂದು ಬಿಟ್ಟು ಒಂದು ಪಟ್ಟಿ ಕಾಣೆ. ಮೂರನೆಯದರಲ್ಲಿ ಪಟ್ಟಿಗಳ ಸಂಖ್ಯೆ ಸರಿಯಿದ್ದರೂ ಪ್ರತಿ ಪಟ್ಟಿಯೊಳಗೇ ಅಸ್ತವ್ಯಸ್ತ. ಅಂದರೆ ಭ್ರೂಣ ಮೊದಲು ದೊಡ್ಡ ಹೋಳು ಮಾಡಿಕೊಳ್ಳುತ್ತದೆ, ಆಮೇಲೆ ಜೋಡಿ ಜೋಡಿಯಾಗಿ ಒಡೆಯುತ್ತದೆ, ಕೊನೆಗೆ ಒಂದೊಂದು ಹೋಳಿಗೂ ಹಿಂದು ಮುಂದು ಗೊತ್ತುಮಾಡುತ್ತದೆ. ಜೀನ್ ಹೇಗಿರುತ್ತದೆಂದು ಒಂದಕ್ಷರ ಓದದೆ, ಸತ್ತ ಮರಿಗಳ ಚರ್ಮ ನೋಡಿಯೇ ಈ ಕ್ರಮವನ್ನು ಓದಿಕೊಂಡರು.

ವೀಶೌಸ್ ಚಿಕ್ಕಂದಿನಲ್ಲಿ ಚಿತ್ರಕಾರನಾಗಬೇಕೆಂದುಕೊಂಡವರು. ಆಶ್ಚರ್ಯವಿಲ್ಲ, ಈ ಕೆಲಸಕ್ಕೆ ಬೇಕಿದ್ದುದು ಅಂಥ ಕಣ್ಣು. ನ್ಯೂಸ್‌ಲೈನ್-ಫೋಲ್‌ಹಾರ್ಡ್ ಮುಂದೆ 2004ರಲ್ಲಿ ತಮ್ಮ ಹೆಸರಿನ ಪ್ರತಿಷ್ಠಾನ ಕಟ್ಟಿದರು. ಮಕ್ಕಳಿರುವ ಯುವ ವಿಜ್ಞಾನಿ ಮಹಿಳೆಯರಿಗೆ ಮನೆಗೆಲಸ, ಮಗು ನೋಡಿಕೊಳ್ಳುವ ನೆರವಿಗೆಂದು ಅದು ಹಣ ಕೊಡುತ್ತದೆ. ಪ್ರಯೋಗಾಲಯದಲ್ಲಿ ಸಮಯದ ಬೆಲೆ ಬಲ್ಲವರು ಮಾತ್ರ ಯೋಚಿಸಬಹುದಾದ ನೆರವು ಅದು.

ಮುಳ್ಳುಹಂದಿಯಂಥ ಮರಿ, ಒಂಟಿಕಣ್ಣಿನ ಕುರಿ

ಮೂರನೆಯ ಗುಂಪಿನ ಒಂದು ಮರಿಯ ಮೈಯಲ್ಲಿ ನುಣುಪಾದ ಜಾಗವೇ ಇರಲಿಲ್ಲ. ಮೊಟಕು ಮೈಯ ತುಂಬ ಮುಳ್ಳು. ಆ ಜೀನಿಗೆ 'ಹೆಡ್ಜ್‌ಹಾಗ್' ಎಂದು ಹೆಸರಿಟ್ಟರು.

1993ರಲ್ಲಿ ಬೆನ್ನೆಲುಬಿರುವ ಪ್ರಾಣಿಗಳಲ್ಲೂ ಇದರ ಸಂಬಂಧಿ ಜೀನ್‌ಗಳು ಸಿಕ್ಕವು. ಅವುಗಳಲ್ಲಿ ಒಂದಕ್ಕೆ ಆಗ ಜನಪ್ರಿಯವಾಗಿದ್ದ ವಿಡಿಯೊ ಗೇಮಿನ ಪಾತ್ರದಿಂದ 'ಸೋನಿಕ್ ಹೆಡ್ಜ್‌ಹಾಗ್' ಎಂಬ ಹೆಸರು ಬಂತು. ಕೈಯಲ್ಲಿ ಹೆಬ್ಬೆರಳು ಯಾವ ಬದಿಗೆ, ಕಿರುಬೆರಳು ಯಾವ ಬದಿಗೆ ಎಂದು ಗೊತ್ತುಮಾಡುವುದರಲ್ಲಿ ಈ ಜೀನಿನ ಪಾತ್ರ ದೊಡ್ಡದು. ಭ್ರೂಣದ ಮುಂದಿನ ಮಿದುಳು ಎಡಬಲವಾಗಿ ಒಡೆಯುವುದೂ, ಮುಖದಲ್ಲಿ ಎರಡು ಕಣ್ಣು ಬೇರೆಬೇರೆಯಾಗಿ ಮೂಡುವುದೂ ಇದರ ಸಂಕೇತದಿಂದಲೇ.

ಅಮೆರಿಕದ ಐಡಾಹೊ ಪ್ರಾಂತದ ಕುರಿಗಾಹಿಗಳ ಹಳೆಯ ಸಂಕಟವೊಂದು ಇಲ್ಲಿ ಬಂದು ಸೇರಿತು. 1950ರ ದಶಕದಲ್ಲಿ ಅಲ್ಲಿ ಹಣೆಯ ನಡುವೆ ಒಂದೇ ಕಣ್ಣಿರುವ ಕುರಿಮರಿಗಳು ಹುಟ್ಟುತ್ತಿದ್ದವು. ಬಸುರಿ ಕುರಿಗಳು ಮೇಯುತ್ತಿದ್ದ ಒಂದು ಕಾಡು ಲಿಲಿ ಗಿಡವೇ ಕಾರಣವೆಂದು ವರ್ಷಗಳ ಹುಡುಕಾಟದ ಮೇಲೆ ತಿಳಿಯಿತು. ಗಿಡದಲ್ಲಿದ್ದ ವಸ್ತುವಿಗೆ ಸೈಕ್ಲೊಪಮೈನ್ ಎಂದು ಹೆಸರಾಯಿತು. ಅದು ದೇಹದಲ್ಲಿ ಏನನ್ನು ತಡೆಯುತ್ತದೆಂದು ಗೊತ್ತಾದದ್ದು 1990ರ ದಶಕದ ಕೊನೆಗೆ. ಅದು ತಡೆಯುತ್ತಿದ್ದುದು ಹೆಡ್ಜ್‌ಹಾಗ್ ಸಂಕೇತವನ್ನು.

ಅಷ್ಟರಲ್ಲಿ, ಅದೇ ಹೈಡೆಲ್‌ಬರ್ಗ್ ಪಟ್ಟಿಯಲ್ಲಿದ್ದ 'ಪ್ಯಾಚ್ಡ್' ಎಂಬ ಜೀನ್ ಮನುಷ್ಯರಲ್ಲಿ ಕೆಟ್ಟರೆ ಬೇಸಲ್ ಸೆಲ್ ಕಾರ್ಸಿನೋಮ ಎಂಬ ಚರ್ಮದ ಕ್ಯಾನ್ಸರ್ ಬರುತ್ತದೆಂದು 1996ರಲ್ಲಿ ಕಂಡುಬಂದಿತ್ತು. ಪ್ಯಾಚ್ಡ್ ಕೈಕೊಟ್ಟರೆ ಹೆಡ್ಜ್‌ಹಾಗ್ ಸಂಕೇತಕ್ಕೆ ಲಗಾಮಿಲ್ಲ. ಅದನ್ನು ತಡೆಯುವ ಔಷಧ ವಿಸ್ಮೊಡೆಗಿಬ್‌ಗೆ ಅಮೆರಿಕದಲ್ಲಿ 2012ರ ಜನವರಿಯಲ್ಲಿ ಅನುಮತಿ ಸಿಕ್ಕಿತು. ನೊಣದ ಮರಿಯ ಮುಳ್ಳಿನಿಂದ ರೋಗಿಯ ಗುಳಿಗೆಯವರೆಗೆ 32 ವರ್ಷ. 1980ರಲ್ಲಿ ಯಾರಾದರೂ ಈ ಕೆಲಸದಿಂದ ಕ್ಯಾನ್ಸರಿಗೇನು ಪ್ರಯೋಜನವೆಂದು ಕೇಳಿದ್ದರೆ ಆ ಇಬ್ಬರ ಬಳಿ ಉತ್ತರ ಇರುತ್ತಿರಲಿಲ್ಲ. ಅಂಥ ಉತ್ತರ ಕೇಳದೆ ಅವರಿಗೆ ಜಾಗ, ಸಂಬಳ ಕೊಟ್ಟ ಸಂಸ್ಥೆಯೊಂದು ಇತ್ತಲ್ಲ, ಆ ಔಷಧದಲ್ಲಿ ಅದಕ್ಕೂ ಪಾಲಿದೆ.

ದೆಹಲಿಯ ರೆಕ್ಕೆಯಿಲ್ಲದ ನೊಣ

ಹೈಡೆಲ್‌ಬರ್ಗ್ ಪಟ್ಟಿಯಲ್ಲಿ 'ವಿಂಗ್‌ಲೆಸ್' ಎಂಬ ಜೀನೂ ಇದೆ. ಅದು ಮೊದಲು ಕಾಣಿಸಿಕೊಂಡದ್ದು ಭಾರತದಲ್ಲಿ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಆರ್.ಪಿ. ಶರ್ಮಾ 1973ರಲ್ಲಿ ರೆಕ್ಕೆಯಿಲ್ಲದ ನೊಣಗಳ ತಳಿಯೊಂದನ್ನು ವರದಿ ಮಾಡಿದರು. ಕೆಲವಕ್ಕೆ ಒಂದು ರೆಕ್ಕೆ, ಕೆಲವಕ್ಕೆ ಒಂದೂ ಇಲ್ಲ. 1976ರಲ್ಲಿ ಶರ್ಮಾ ಮತ್ತು ವಿ.ಎಲ್. ಚೋಪ್ರಾ ಅದರ ವಿವರಗಳನ್ನು ಪ್ರಕಟಿಸಿದರು.

ಹೈಡೆಲ್‌ಬರ್ಗ್‌ನಲ್ಲಿ ಅದೇ ಜೀನಿಗೆ ಇನ್ನೂ ಬಲವಾದ ಪೆಟ್ಟು ಬಿದ್ದಾಗ ಮರಿಗಳು ಮೊಟ್ಟೆಯಲ್ಲೇ ಸತ್ತವು; ಮೈಪಟ್ಟಿಗಳೇ ಅಸ್ತವ್ಯಸ್ತವಾಗಿದ್ದವು. ಇತ್ತ 1982ರಲ್ಲಿ ರೋಲ್ ನುಸ್ಸೆ ಮತ್ತು ಹೆರಾಲ್ಡ್ ವಾರ್ಮಸ್ ಇಲಿಯ ಸ್ತನದ ಗಡ್ಡೆಗಳಲ್ಲಿ ಇಂಟ್-1 ಎಂಬ ಜೀನ್ ಕಂಡುಹಿಡಿದರು. 1987ರಲ್ಲಿ ಗೊತ್ತಾಯಿತು: ಇಲಿಯ ಇಂಟ್-1, ನೊಣದ ವಿಂಗ್‌ಲೆಸ್, ಎರಡೂ ಒಂದೇ ಮೂಲದ ಜೀನ್. ಎರಡು ಹೆಸರು ಬೆರೆತು 'ವಿಂಟ್' ಆಯಿತು. ಕರುಳಿನ ಕ್ಯಾನ್ಸರ್‌ಗಳ ಬಹುಪಾಲಿನಲ್ಲಿ ಕೆಟ್ಟಿರುವುದು ಈ ವಿಂಟ್ ಸಂಕೇತಮಾರ್ಗ. ಜಗತ್ತಿನ ಯಾವ ಕ್ಯಾನ್ಸರ್ ಪಠ್ಯಪುಸ್ತಕ ತೆರೆದರೂ ಆ ಹೆಸರಿದೆ. ಅದರ ಮೊದಲಕ್ಷರದಲ್ಲಿ ದೆಹಲಿಯ ಆ ನೊಣ ಇದೆಯೆಂದು ನಮ್ಮ ಕಾಲೇಜುಗಳಲ್ಲಿ ಎಷ್ಟು ಮಂದಿ ಹೇಳಿಕೊಡುತ್ತಾರೆ? ಹೇಳಿಕೊಡಬೇಕು.

ನಡೆಗೂ ಜೀನ್, ನಿದ್ದೆಗೂ ಜೀನ್

ಮೈಕಟ್ಟಿಗೆ ಜೀನ್ ಇರುವುದು ಸರಿ. ನಡವಳಿಕೆಗೆ? ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸೀಮರ್ ಬೆಂಜರ್ ಈ ಪ್ರಶ್ನೆ ಎತ್ತಿಕೊಂಡಾಗ ಅನೇಕರಿಗೆ ನಂಬಿಕೆಯಿರಲಿಲ್ಲ. ಅವರ ವಿದ್ಯಾರ್ಥಿ ರೊನಾಲ್ಡ್ ಕೊನೊಪ್ಕ, ಪ್ಯೂಪಾ ಎಂಬ ಕೋಶಾವಸ್ಥೆಯಿಂದ ಹೊತ್ತಲ್ಲದ ಹೊತ್ತಿಗೆ ಹೊರಬರುವ ನೊಣಗಳನ್ನು ಹುಡುಕಿದರು. ಮೂರು ತಳಿ ಸಿಕ್ಕವು. ಒಂದಕ್ಕೆ ದಿನವೆಂದರೆ 19 ಗಂಟೆ, ಇನ್ನೊಂದಕ್ಕೆ 28 ಗಂಟೆ, ಮೂರನೆಯದಕ್ಕೆ ಹಗಲು ರಾತ್ರಿಯ ಲಯವೇ ಇಲ್ಲ. 1971ರಲ್ಲಿ ಬರೆದರು: ಮೂರೂ ಒಂದೇ ಜೀನಿನ ಕೆಡುಕು. ಅದೇ 'ಪೀರಿಯಡ್'. ಅದು ಹೇಗೆ ಗಡಿಯಾರವಾಗಿ ದುಡಿಯುತ್ತದೆಂದು ಬಿಡಿಸಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬ್ಯಾಷ್, ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಬೆಂಜರ್ 2007ರಲ್ಲಿ, ಕೊನೊಪ್ಕ 2015ರಲ್ಲಿ ತೀರಿಕೊಂಡಿದ್ದರು. ಸಂಜೆಗೇ ನಿದ್ದೆ ಹತ್ತಿ ನಸುಕಿಗೆ ಬಹಳ ಮುಂಚೆಯೇ ಎಚ್ಚರವಾಗುವ ಕುಟುಂಬವೊಂದರಲ್ಲಿ ಇದೇ ಬಳಗದ ಜೀನ್ ಬದಲಾಗಿದೆಯೆಂದು 2001ರಲ್ಲಿ ಪತ್ತೆಯಾಯಿತು.

ಬೆಂಜರ್ ಜೊತೆ ದುಡಿದವರಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಒಬೈದ್ ಸಿದ್ದಿಕಿಯೂ ಒಬ್ಬರು. ಬೆಚ್ಚಗಾದ ಕೂಡಲೆ ಕಾಲು ಮಡಚಿ ಬಿದ್ದು, ತಣ್ಣಗಾದರೆ ಮತ್ತೆ ಎದ್ದು ಓಡಾಡುವ ನೊಣಗಳನ್ನು ಇಬ್ಬರೂ ಹುಡುಕಿ ತೆಗೆದರು. 1976ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ 'ಕೊಮಟೋಸ್' ಎಂಬ ತಳಿ ಇದೆ. ನರಕೋಶವೊಂದು ಮುಂದಿನ ಕೋಶಕ್ಕೆ ಸಂದೇಶ ದಾಟಿಸುವ ಯಂತ್ರದ ಮುಖ್ಯ ಬಿಡಿಭಾಗವೊಂದು ಅದರಲ್ಲಿ ಕೆಟ್ಟಿತ್ತೆಂದು ವರ್ಷಗಳ ನಂತರ ಗೊತ್ತಾಯಿತು.

ಸಿದ್ದಿಕಿ ಮುಂಬೈಗೆ ಮರಳಿ ವಾಸನೆ, ರುಚಿಯತ್ತ ತಿರುಗಿದರು. ಕೀನ್ಯಾದಲ್ಲಿ ಹುಟ್ಟಿ ಡಬ್ಲಿನ್‌ನಲ್ಲಿ ಓದಿದ ವೆರೋನಿಕಾ ರೊಡ್ರಿಗಸ್ ಅವರ ವಿದ್ಯಾರ್ಥಿನಿಯಾಗಿ ಬಂದರು. ಕವಲೊಡೆದ ಗಾಜಿನ ನಳಿಗೆಯ ಒಂದು ತೋಳಿಗೆ ಪರಿಮಳ, ಇನ್ನೊಂದಕ್ಕೆ ಬರೀ ಗಾಳಿ. ಎತ್ತ ಹೋಗಬೇಕೆಂದು ತಿಳಿಯದ ನೊಣಗಳನ್ನು ಆರಿಸಿದರು. 1978ರಲ್ಲಿ ಇಬ್ಬರೂ ಸೇರಿ ಅಚ್ಚುಹಾಕಿದ ಆ ಫಲಿತಾಂಶಗಳು, ವಾಸನೆಯನ್ನು ಜೀನ್ ಮೂಲಕ ಅರಿಯುವ ಮೊದಲ ಪ್ರಯತ್ನಗಳಲ್ಲಿ ಸೇರುತ್ತವೆ. ನಾವು ಹಲಸಿನ ಹಣ್ಣು ಬಿಡಿಸಿದ ಸುದ್ದಿ ನೊಣಕ್ಕೆ ಹೇಗೆ ಮುಟ್ಟುತ್ತದೆಂಬ ಪ್ರಶ್ನೆಗೆ ಅಲ್ಲಿಂದ ದಾರಿ ತೆರೆಯಿತು.

1990ರ ದಶಕದಲ್ಲಿ ಈ ಬಳಗ ಬೆಂಗಳೂರಿಗೆ ಬಂತು. ಸಿದ್ದಿಕಿ ಕಟ್ಟಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ತಲೆಯೆತ್ತಿತು. ಅವರ ವಿದ್ಯಾರ್ಥಿ ಕೆ. ವಿಜಯರಾಘವನ್ ಅಲ್ಲಿ ನೊಣದ ಸ್ನಾಯು, ನರಗಳ ಬೆಳವಣಿಗೆ ಬಿಡಿಸಿದರು. ಮುಂದೆ ಭಾರತ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರೂ ಆದರು. ಗೈತಿ ಹಸನ್ ಅವರ ತಂಡ ಕೋಶದೊಳಗಿನ ಕ್ಯಾಲ್ಸಿಯಂ ಸಂಕೇತ ಕೆಟ್ಟರೆ ನೊಣ ಹಾರಲಾರದೆಂದು ತೋರಿಸಿತು. ಅಲ್ಲಿಗೆ ಹತ್ತಿರದ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, ಬೆಳಗಿನ ಹೊತ್ತು ಪ್ಯೂಪಾ ಬಿಡುವ ನೊಣಗಳನ್ನೂ ಸಂಜೆ ಬಿಡುವವನ್ನೂ ಬೇರೆಬೇರೆ ಆಯ್ದು ನೂರಾರು ತಲೆಮಾರು ಸಾಕಿ ಅವುಗಳ ಗಡಿಯಾರ ಹೇಗೆ ಬೇರೆಯಾಯಿತೆಂದು ನೋಡಿದ್ದಾರೆ. ರೊಡ್ರಿಗಸ್ 2010ರಲ್ಲಿ, ಸಿದ್ದಿಕಿ 2013ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಈ ಊರು ಅವರನ್ನು ಇನ್ನಷ್ಟು ನೆನೆಯಬೇಕಿತ್ತು.

> ರವೆ, ಬೆಲ್ಲ ಮತ್ತು ನೊಣ
>
> ಮೈಸೂರಿನ ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲಾ ತಳಿಗಳ ಸಂಗ್ರಹ ಕೇಂದ್ರವಿದೆ. ಮೈಸೂರು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞರು ದಶಕಗಳ ಕಾಲ ಕರ್ನಾಟಕದ ಕಾಡುಗಳಲ್ಲಿ ಕಾಡುನೊಣಗಳನ್ನು ಹಿಡಿದು ಹೊಸ ಪ್ರಭೇದಗಳನ್ನು ಗುರುತಿಸಿದ್ದಾರೆ. ಡ್ರೊಸೊಫಿಲಾ ಮೈಸೂರೆನ್ಸಿಸ್ ಅವುಗಳಲ್ಲೊಂದು.
>
> ಅಮೆರಿಕದಲ್ಲಿ ನೊಣದ ಊಟಕ್ಕೆ ಮೆಕ್ಕೆಜೋಳದ ಹಿಟ್ಟು ಬಳಸುವುದು ರೂಢಿ. ಮೈಸೂರಿನ ಪಾಕವಿಧಾನ ಬೇರೆ: ಒಂದು ಲೀಟರ್ ನೀರಿಗೆ 100 ಗ್ರಾಂ ಗೋಧಿ ರವೆ, 100 ಗ್ರಾಂ ಬೆಲ್ಲ, ಗಟ್ಟಿಯಾಗಲು ಅಗರ್, ಬೂಷ್ಟು ಹಿಡಿಯದಂತೆ ಸ್ವಲ್ಪ ಪ್ರೊಪಿಯಾನಿಕ್ ಆಮ್ಲ. ಕುದಿಸಿ ಬಾಟಲಿಗೆ ಹೊಯ್ದು, ಮೇಲೆ ಯೀಸ್ಟ್ ಹಾಕಿ, ಹತ್ತಿಯ ಬೆಣೆ ಕೊಟ್ಟರೆ ಮನೆ ಸಿದ್ಧ.
>
> ಬೀಜದಂತೆ ನೊಣದ ತಳಿಯನ್ನು ಒಣಗಿಸಿಡಲಾಗದು. ಪ್ರತಿ ತಳಿಯನ್ನೂ ಕೆಲವು ವಾರಕ್ಕೊಮ್ಮೆ ಹೊಸ ಬಾಟಲಿಗೆ ದಾಟಿಸಬೇಕು. ಅಮೆರಿಕದ ಬ್ಲೂಮಿಂಗ್ಟನ್ ಕೇಂದ್ರ ಹೀಗೆ 70,000ಕ್ಕೂ ಹೆಚ್ಚು ತಳಿಗಳನ್ನು ಜೀವಂತ ಇರಿಸಿಕೊಂಡಿದೆ.

ಹುಡುಕಾಟದ ಮಿತಿ, ಹೊಸ ಹತಾರ

ಸ್ಕ್ರೀನ್ ಎಲ್ಲವನ್ನೂ ಹಿಡಿಯದು. ಒಂದೇ ಕೆಲಸವನ್ನು ಎರಡು ಜೀನ್‌ಗಳು ಹಂಚಿಕೊಂಡಿದ್ದರೆ ಒಂದನ್ನು ಕೆಡಿಸಿದರೂ ಏನೂ ಕಾಣಿಸದು. ಭ್ರೂಣದಲ್ಲೇ ಕೊಲ್ಲುವ ಜೀನಿಗೆ ಮುಂದೆ ಕಣ್ಣಿನಲ್ಲೋ ಮಿದುಳಿನಲ್ಲೋ ಇನ್ನೊಂದು ಕೆಲಸವಿದ್ದರೆ ಅದು ತಿಳಿಯುವ ಮುಂಚೆಯೇ ಮರಿ ಸತ್ತಿರುತ್ತದೆ. ಹೈಡೆಲ್‌ಬರ್ಗ್‌ನವರು ನೋಡಿದ್ದು ಹೊರಚರ್ಮವನ್ನಷ್ಟೇ. ಒಳಗಿನ ನರ, ಕರುಳಿನಲ್ಲಿ ಮಾತ್ರ ಕೆಡುಕಿದ್ದ ವಂಶಗಳು ಅವರ ಕಣ್ಣಿಂದ ಜಾರಿಹೋಗಿರಲೇಬೇಕು.

ಈ ಗೋಡೆಗಳನ್ನು ದಾಟುವ ಹತಾರಗಳು ಬಂದಿವೆ. 1993ರಲ್ಲಿ ಆಂಡ್ರಿಯಾ ಬ್ರಾಂಡ್ ಮತ್ತು ನಾರ್ಬರ್ಟ್ ಪೆರಿಮಾನ್ ತಂದ ವಿಧಾನದಿಂದ, ಬೇಕಾದ ಜೀನನ್ನು ಬೇಕಾದ ಅಂಗದಲ್ಲಿ ಮಾತ್ರ ಚಾಲೂ ಮಾಡಬಹುದು. ಅದಕ್ಕೆ ಆರ್‌ಎನ್‌ಎ ಹಸ್ತಕ್ಷೇಪ ಜೋಡಿಸಿ, ನೊಣದ ಬಹುತೇಕ ಪ್ರತಿ ಜೀನನ್ನೂ ಬೇಕಾದ ಕಡೆ ಮೌನವಾಗಿಸುವ ತಳಿಗಳ ಭಂಡಾರವನ್ನು ವಿಯೆನ್ನಾದ ವಿಜ್ಞಾನಿಗಳು 2007ರಲ್ಲಿ ಕಟ್ಟಿದರು. ಈಗ ಡಿಎನ್ಎಯನ್ನು ಬೇಕಾದಲ್ಲೇ ಕತ್ತರಿಸುವ ಕ್ರಿಸ್ಪರ್ ಕತ್ತರಿಯೂ ಕೈಯಲ್ಲಿದೆ. 2024ರ ಅಕ್ಟೋಬರ್‌ನಲ್ಲಿ ಬಲಿತ ಹೆಣ್ಣು ನೊಣದ ಮಿದುಳಿನ ಸುಮಾರು 1,39,000 ನರಕೋಶಗಳ ಪೂರ್ಣ ಜೋಡಣಾ ನಕ್ಷೆ ಹೊರಬಂತು. ಜೀನ್ ಬದಲು ಒಂದೊಂದು ನರಕೋಶವನ್ನೇ ಸುಮ್ಮನಾಗಿಸಿ ಏನು ನಿಂತಿತೆಂದು ನೋಡುವವರಿಗೆ ಅದು ದಾರಿದೀಪ.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಬೆಳವಣಿಗೆ ಬೇರೆ. ಹೆಸರಿಲ್ಲದ ಕಾಯಿಲೆಯ ಮಗುವಿನೊಂದಿಗೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವ ತಂದೆತಾಯಿಗಳಿದ್ದಾರೆ. ಡಿಎನ್ಎ ಓದಿಸಿದರೆ ಯಾವುದೋ ಜೀನಿನಲ್ಲಿ ಒಂದಕ್ಷರ ಬೇರೆ ಎಂದು ಬರುತ್ತದೆ. ಕಾಯಿಲೆಗೆ ಅದೇ ಕಾರಣವೋ, ಅಲ್ಲವೋ? ಅಮೆರಿಕದ ಹ್ಯೂಸ್ಟನ್‌ನಲ್ಲಿ ಹ್ಯೂಗೊ ಬೆಲೆನ್ ಅವರ ಪ್ರಯೋಗಾಲಯ ಇದನ್ನು ನೊಣಕ್ಕೇ ಕೇಳುತ್ತದೆ. ನೊಣದ ಆ ಜೀನ್ ತೆಗೆದು, ಜಾಗಕ್ಕೆ ಮನುಷ್ಯರ ಸರಿಯಾದ ಜೀನ್ ಹಾಕುತ್ತಾರೆ. ನೊಣ ಚೇತರಿಸಿಕೊಂಡರೆ ಎರಡೂ ಒಂದೇ ಕೆಲಸದವು. ಆಮೇಲೆ ಮಗುವಿನಲ್ಲಿ ಕಂಡ ಅಕ್ಷರದ ಜೀನ್ ಹಾಕುತ್ತಾರೆ. ಈ ಸಲ ನೊಣ ಚೇತರಿಸಿಕೊಳ್ಳದಿದ್ದರೆ ಆ ಅಕ್ಷರವೇ ಅಪರಾಧಿ. ಮದ್ದು ಆಗಲೇ ಸಿಗಲಿಕ್ಕಿಲ್ಲ. ಆದರೆ ಕಾಯಿಲೆಗೆ ಒಂದು ಹೆಸರು ಸಿಗುತ್ತದೆ, ಅದೇ ಕಾಯಿಲೆಯ ಇನ್ನೊಂದು ಮನೆ ಜಗತ್ತಿನ ಯಾವುದೋ ಮೂಲೆಯಲ್ಲಿ ಸಿಗುತ್ತದೆ.

ಇಂಥ ತಂಡ ಕೆಲಸ ಶುರುಮಾಡುವಾಗ ಮೊದಲು ತೆರೆಯುವುದು 'ಫ್ಲೈಬೇಸ್' ಎಂಬ ದತ್ತಸಂಚಯ. ಮಾರ್ಗನ್ನರ ಬಿಳಿ ಕಣ್ಣಿನಿಂದ ಹಿಡಿದು ಶರ್ಮಾ ಅವರ ವಿಂಗ್‌ಲೆಸ್, ಸಿದ್ದಿಕಿಯವರ ಕೊಮಟೋಸ್‌ವರೆಗೆ ನೊಣದ ಜೀನ್‌ಗಳ ಬಗ್ಗೆ ಗೊತ್ತಾದದ್ದೆಲ್ಲ ಅಲ್ಲಿ ಜೀನ್‌ವಾರು ಜೋಡಿಸಿಟ್ಟಿದೆ. ಯಾರು ಬೇಕಾದರೂ ಉಚಿತವಾಗಿ ನೋಡಬಹುದು; ಮೈಸೂರಿನ ವಿದ್ಯಾರ್ಥಿಗೂ ಹ್ಯೂಸ್ಟನ್‌ನ ವೈದ್ಯರಿಗೂ ಒಂದೇ ಪುಟ. 2025ರಲ್ಲಿ ಅಮೆರಿಕ ಸರ್ಕಾರ ಹಾರ್ವರ್ಡ್ ವಿಶ್ವವಿದ್ಯಾಲಯದ ಅನುದಾನಗಳನ್ನು ರದ್ದುಮಾಡಿದಾಗ ಹಾರ್ವರ್ಡ್ ಮೂಲಕ ಹಣ ಪಡೆಯುತ್ತಿದ್ದ ಫ್ಲೈಬೇಸ್‌ಗೂ ಆ ಪೆಟ್ಟು ಬಿತ್ತು. ಅದನ್ನು ನಡೆಸುವವರು ಜಗತ್ತಿನಾದ್ಯಂತದ ನೊಣ ಪ್ರಯೋಗಾಲಯಗಳ ಮುಂದೆ ದೇಣಿಗೆ ಕೇಳಬೇಕಾಗಿ ಬಂತು.